ಕೊಂಕಣ ರೈಲ್ವೆ ವಲಯ ಅಲ್ಲ, ಬೇರೆಯೇ ನಿಗಮ

ಭಾರತೀಯ ರೈಲ್ವೆಯ ವಲಯಗಳ ಬಗ್ಗೆ ನೀವು ಬರೆದ ಲೇಖನ ಚೆನ್ನಾಗಿದೆ, ಆದರೆ ಕೊಂಕಣ ರೈಲ್ವೆಯನ್ನು ಉಳಿದ ವಲಯಗಳ ಪಟ್ಟಿಯಲ್ಲಿ ಸೇರಿಸಿದ್ದು ಸರಿಯಲ್ಲ. ಇದು 1990ರಲ್ಲಿ ಶುರುವಾದ ನಿಗಮ. ಕೇಂದ್ರದ ಜೊತೆ ಮಹಾರಾಷ್ಟ್ರ, ಕರ್ನಾಟಕ, ಗೋವಾ, ಕೇರಳ ಸೇರಿ ಬಂಡವಾಳ ಹಾಕಿದವು, ಉಳಿದದ್ದಕ್ಕೆ ಬಾಂಡ್ ಮೂಲಕ ಸಾಲ ಎತ್ತಿದರು. ಜಾರ್ಜ್ ಫರ್ನಾಂಡಿಸ್ ರೈಲ್ವೆ ಮಂತ್ರಿಯಾಗಿದ್ದಾಗ ಹುಟ್ಟಿತು, ಇಂಜಿನಿಯರ್ ಇ. ಶ್ರೀಧರನ್ ಮುಂದೆ ನಿಂತು ಕಟ್ಟಿಸಿದರು. 1998ರ ಜನವರಿಯಲ್ಲಿ ಪೂರ್ತಿ ಮಾರ್ಗ ತೆರೆಯಿತು. ಹೊನ್ನಾವರದಲ್ಲಿ ಶರಾವತಿ ಮೇಲಿನ ಸೇತುವೆಯೇ ಎರಡು ಕಿಲೋಮೀಟರ್ ಇದೆ!

ನಾನು ಅಂಕೋಲೆಯವನು. ಇಲ್ಲಿ ಮಳೆಗಾಲಕ್ಕೆ ವೇಳಾಪಟ್ಟಿಯೇ ಬೇರೆ, ವೇಗವೂ ಕಡಿಮೆ. ರೈಲು ಲೇಟು ಅಂತ ಬೈಯುವವರು ಜಾಸ್ತಿ. ಅವರು ಒಮ್ಮೆ ಆಷಾಢದ ರಾತ್ರಿ ಹಳಿ ಕಾಯುವವರನ್ನು ನೋಡಬೇಕು. ಗುಡ್ಡ ಕಡಿದು ಮಾಡಿದ ದಾರಿಯಲ್ಲಿ, ಎರಡೂ ಕಡೆ ಕೆಂಪು ಮಣ್ಣಿನ ನೀರು ಇಳಿಯುತ್ತಿರುವಾಗ, ರೇನ್‌ಕೋಟು ಹಾಕಿಕೊಂಡು ಒಂದು ಕೈಯಲ್ಲಿ ದೀಪ ಹಿಡಿದು ಹಳಿಯ ಮೇಲೆ ಕಲ್ಲು ಬಿದ್ದಿದೆಯಾ ಅಂತ ನೋಡುತ್ತಾ ಒಬ್ಬರೇ ನಡೆಯುತ್ತಾರೆ. ಅವರ ಬಗ್ಗೆ ಲೇಖನದಲ್ಲಿ ಒಂದು ಸಾಲೂ ಇಲ್ಲ, ಅದು ಬೇಜಾರಾಯಿತು.

ಸರಕು ತುಂಬಿದ ಲಾರಿಗಳನ್ನೇ ರೈಲಿನ ಮೇಲೆ ಹತ್ತಿಸಿ ಸುರತ್ಕಲ್‌ನಿಂದ ಮಹಾರಾಷ್ಟ್ರದ ಕೊಲಾಡ್‌ಗೆ ಸಾಗಿಸುವ ರೋ-ರೋ ಸೇವೆಯೂ ಬಿಟ್ಟುಹೋಗಿದೆ. ರೋ-ರೋ ಶುರುವಾದದ್ದು 1999ರಲ್ಲಿ, ಸುರತ್ಕಲ್‌ವರೆಗೆ ಬಂದದ್ದು ಆಮೇಲೆ. ಡ್ರೈವರ್‌ಗಳು ತಮ್ಮ ಲಾರಿಯಲ್ಲೇ ಕೂತು ಹೋಗುತ್ತಾರೆ, ನಮ್ಮೂರ ಮಕ್ಕಳು ಗೇಟಿನ ಹತ್ತಿರ ನಿಂತು ಅವರಿಗೆ ಕೈ ಬೀಸುತ್ತವೆ.

ಇನ್ನು ನಮ್ಮ ಕಡೆ ಈಗಲೂ ಒಂದೇ ಹಳಿ. ಎದುರಿನ ರೈಲು ದಾಟುವವರೆಗೆ ಸ್ಟೇಷನ್‌ನಲ್ಲಿ ಸುಮ್ನೆ ಕಾಯಬೇಕು. ಜೋಡಿ ಹಳಿ ಯಾವಾಗ ಅಂತ ಕೇಳಬೇಕಾದ್ದು ಇಲ್ಲೇ ಅಲ್ವಾ? ಮುಂದಿನ ಭಾಗದಲ್ಲಿ ದಯವಿಟ್ಟು ಅದನ್ನು ಬರೆಯಿರಿ.