ಒಡೆಯನಿಗೆ ಒಂದೇ ಕಣ್ಣು, ಬಂಟರಿಗೆ ಅದೂ ಇಲ್ಲ

ಟೋಲ್ಕಿನ್ ಬರೆದ 'ದಿ ಲಾರ್ಡ್ ಆಫ್ ದಿ ರಿಂಗ್ಸ್' ಕಥೆಯ ಖಳ ಸೌರಾನ್ ಮೇಲೆ ನನಗೆ ಅಂಥಾ ಸಿಟ್ಟೇನೂ ಇಲ್ಲ. ಕೆಟ್ಟವನು, ಕೆಟ್ಟದ್ದು ಮಾಡಿದ. ಲೋಕವೆಲ್ಲ ತನ್ನ ಮುಷ್ಟಿಯಲ್ಲಿರಬೇಕು ಅಂತ ಆಸೆಪಟ್ಟ, ಅದಕ್ಕೆ ತಕ್ಕ ಹಾಗೆ ಉಂಗುರ ಎರಕ ಹೊಯ್ದ, ಕೋಟೆ ಕಟ್ಟಿದ, ದಂಡು ಸೇರಿಸಿದ. ಕೆಲಸ ಕೆಟ್ಟದ್ದಾದರೂ ಶ್ರದ್ಧೆ ಇತ್ತು. ನನ್ನ ತಲೆ ಕೆಡಿಸುವುದು ಅವನ ಸುತ್ತ ಕೈಕಟ್ಟಿ ನಿಂತ ದೊಡ್ಡ ಮನುಷ್ಯರು. ರಾಜರು, ಮಾಂತ್ರಿಕರು, ದಂಡನಾಯಕರು. ಸ್ವಂತ ಸಿಂಹಾಸನ ಬಿಟ್ಟು ಇನ್ನೊಬ್ಬನ ಬಾಗಿಲು ಕಾಯಲು ಓಡಿ ಹೋದವರು. ಆ ಕಥೆ ನಡೆಯುವ ಮಿಡಲ್-ಅರ್ಥ್‌ನಲ್ಲಿ ಡ್ರ್ಯಾಗನ್ ಇದೆ, ನಡೆದಾಡುವ ಮರ ಇದೆ, ಮಾತಾಡುವ ಹದ್ದು ಇದೆ. ಅವೆಲ್ಲಕ್ಕಿಂತ ವಿಚಿತ್ರ ಪ್ರಾಣಿ ಈ ಬಲಗೈ ಬಂಟ.

ಸೌರಾನ್ ದಂಡಿನ ಕಾಲಾಳುಗಳಾದ ಓರ್ಕ್‌ಗಳನ್ನು ಬಿಟ್ಟುಬಿಡಿ. ಪಾಪ, ಅವು ಹುಟ್ಟಿದ್ದೇ ಚಾಟಿಯ ಕೆಳಗೆ. ಇವರಿಗೆ ಏನಾಗಿತ್ತು?

ಮೊದಲು ಆ ಒಂಬತ್ತು ಜನರನ್ನು ನೋಡೋಣ. ತಮ್ಮ ಕಾಲದಲ್ಲಿ ರಾಜರು, ಮಾಟಗಾರರು, ವೀರರು. ಮೂವರಂತೂ ನೂಮೆನೋರ್ ಎಂಬ ದ್ವೀಪರಾಜ್ಯದ ದೊಡ್ಡ ಮನೆತನದ ಪ್ರಭುಗಳು. ಸೌರಾನ್ ಒಬ್ಬೊಬ್ಬರಿಗೂ ಒಂದೊಂದು ಉಂಗುರ ಕೊಟ್ಟ. ಸುಮ್ನೆ ಕೊಟ್ಟಿದ್ದಾನೆ ಅಂತ ಹಾಕಿಕೊಂಡರು. ಸಂಪತ್ತು ಬಂತು, ಹೆಸರು ಬಂತು, ಆಯಸ್ಸು ಮುಗಿಯುವುದನ್ನೇ ಮರೆಯಿತು. ಆಮೇಲೆ ಮೈ ಕರಗಿತು. ಎರಡನೇ ಯುಗದ 2251ರ ಹೊತ್ತಿಗೆ ನಾಜ್ಗೂಲ್ ಎಂಬ ಹೊಸ ಪದವಿಯೊಂದಿಗೆ ಕಾಣಿಸಿಕೊಂಡರು. ಕಾಣಿಸಿಕೊಂಡರು ಅಂದರೆ, ಮೇಲೆ ಹೊದ್ದ ಕಪ್ಪು ನಿಲುವಂಗಿ ಮಾತ್ರ ಕಾಣುತ್ತಿತ್ತು. ಒಳಗಿನ ಮಹಾರಾಜರು ಇರಲಿಲ್ಲ. ಯಾವ ಉಂಗುರಕ್ಕೆ ಇಷ್ಟೆಲ್ಲ ಕಳೆದುಕೊಂಡರೋ ಆ ಉಂಗುರಗಳೂ ಕಡೆಗೆ ಸೌರಾನ್ ಕೈಗೇ ವಾಪಸ್ ಹೋದವು. ಒಂಬತ್ತರಲ್ಲಿ ಇವತ್ತಿಗೆ ಹೆಸರು ಉಳಿದಿರುವುದು ಒಬ್ಬನದು, ಖಮೂಲ್. ಅವರ ನಾಯಕನಿಗೂ ಇರುವುದು ಹುದ್ದೆ ಮಾತ್ರ: ಆಂಗ್ಮಾರ್‌ನ ಮಾಂತ್ರಿಕ ರಾಜ. ಊರೂರು ಗೆದ್ದವನ ಹೆಸರೇನು ಅಂತ ಕೇಳಿದರೆ ಚರಿತ್ರೆ ತಲೆ ಕೆರೆದುಕೊಳ್ಳುತ್ತದೆ.

ಇಷ್ಟಾದರೂ ಇವರ ಮೇಲೆ ಹೊಟ್ಟೆಕಿಚ್ಚು ಪಡುವವರಿಗೆ ಕಡಿಮೆಯಿರಲಿಲ್ಲ. ಗೊರ್ಬಾಗ್ ಎಂಬ ಓರ್ಕ್ ನಾಯಕ ಗೆಳೆಯನ ಹತ್ತಿರ ಗೊಣಗುತ್ತಾನೆ. ಆ ನಾಜ್ಗೂಲ್‌ಗಳನ್ನು ಕಂಡರೆ ಮೈಯೆಲ್ಲ ನಡುಗುತ್ತದೆ, ಆದರೆ ಏನು ಮಾಡುವುದು, ಈಗ ಮೇಲಿನವನಿಗೆ ಅವರೇ ಅಚ್ಚುಮೆಚ್ಚು, ಗೊಣಗಿ ಪ್ರಯೋಜನವಿಲ್ಲ ಅಂತ. ನೋಡಿ, ಮೈಯಿಲ್ಲ, ಹೆಸರಿಲ್ಲ, ಉಂಗುರವಿಲ್ಲ. ಆದರೂ 'ಅವರು ಸಾಹೇಬರ ಖಾಸಾ ಜನ' ಅಂತ ಅಸೂಯೆ. ಸೌರಾನ್‌ನ ನಾಡಾದ ಮಾರ್ಡೋರಿನಲ್ಲಿ ಬೆಳೆ ಕಡಿಮೆ, ಬಕೆಟ್ ಹಿಡಿಯುವವರು ಜಾಸ್ತಿ.

ಸರಿ, ಈ ಖಾಸಾ ಜನ ಮಾಡಿದ ಘನಕಾರ್ಯ ಏನು? ಮೂರನೇ ಯುಗದ 3018ರಲ್ಲಿ ಅವರಿಗೆ ಒಂದು ಕೆಲಸ ಬಂತು. ಶೈರ್ ಎಂಬ ಊರು, ಬ್ಯಾಗಿನ್ಸ್ ಎಂಬ ಮನೆತನ, ಹುಡುಕಿ, ಸೌರಾನ್ ಕಳೆದುಕೊಂಡಿದ್ದ ಅವನ ಸ್ವಂತ ಉಂಗುರ ತರಬೇಕು. ಎದುರಾಳಿಗಳು ಸೊಂಟದೆತ್ತರದ ಹಾಬಿಟ್‌ಗಳು. ದಿನಕ್ಕೆ ಆರು ಹೊತ್ತು ಉಂಡು ಹೂದೋಟ ನೋಡಿಕೊಳ್ಳುವ ಜನ. ಸಾಮ್ರಾಜ್ಯಗಳನ್ನು ನಡುಗಿಸಿದ ಈ ಮಹನೀಯರು ಅಲ್ಲಿ ಮಾಡಿದ್ದು ಮನೆಮನೆ ಬಾಗಿಲಲ್ಲಿ ವಿಳಾಸ ವಿಚಾರಿಸುವ ಕೆಲಸ. ಹಗಲಲ್ಲಿ ಇವರಿಗೆ ಕಣ್ಣು ಸರಿಯಾಗಿ ಕಾಣುವುದಿಲ್ಲ ಬೇರೆ. ಮೂಸಿಕೊಂಡು ದಾರಿ ಹುಡುಕಬೇಕು. ಒಡೆಯ ಇಡೀ ಲೋಕಕ್ಕೇ ಕಣ್ಣು, ಹೋದವರಿಗೆ ಮೂಗೇ ಗತಿ.

ಅವರಲ್ಲೊಬ್ಬ ಮ್ಯಾಗಟ್ ಎಂಬ ರೈತನ ಅಂಗಳಕ್ಕೆ ಕುದುರೆ ಏರಿ ಬಂದ. ಮನೆಯ ನಾಯಿ ಒಮ್ಮೆ ಮೂಸಿ ನೋಡಿ, ಬಾಲ ಮುದುರಿಕೊಂಡು, ಊಳಿಡುತ್ತಾ ಓಡಿತು. ನಾಯಿಗೆ ಬುದ್ಧಿ ಇತ್ತು. ರೈತನಿಗೆ ಅದಕ್ಕಿಂತ ಹೆಚ್ಚಿನದೇನೋ ಇತ್ತು. ಬಂದವನು ಬ್ಯಾಗಿನ್ಸ್ ಎಲ್ಲಿ ಅಂದ. ಅಂಥವರು ಇಲ್ಲಿಲ್ಲ, ಬಂದ ದಾರಿ ಹಿಡಿ ಅಂದ ರೈತ. ಅವನು ಈ ಕಡೆ ಬಂದರೆ ತಿಳಿಸು, ಚಿನ್ನ ಹಿಡಿದು ಮತ್ತೆ ಬರುತ್ತೇನೆ ಅಂತ ಆಮಿಷ ಒಡ್ಡಿದ ಸವಾರ. ಒಂದು ನಿಮಿಷ ಕೊಡುತ್ತೇನೆ, ಆಮೇಲೆ ನಾಯಿಗಳನ್ನೆಲ್ಲ ಕರೆಯುತ್ತೇನೆ ಅಂದ ಮ್ಯಾಗಟ್. ಕತ್ತಲೊಡೆಯನ ಪರಮಾಪ್ತ ಒಮ್ಮೆ ಬುಸ್ ಅಂದು, ರೈತನ ಮೇಲೇ ಕುದುರೆ ನುಗ್ಗಿಸಿ, ಗೇಟು ದಾಟಿ ಹೋದ. ಇದನ್ನು ಸೌರಾನ್‌ನ ಕೋಟೆ ಬರಾದ್-ದೂರ್‌ನ ಕಡತದಲ್ಲಿ 'ಸ್ಥಳೀಯರ ಅಸಹಕಾರ' ಅಂತ ಬರೆದುಕೊಂಡಿರಬೇಕು.

ಮುಂದಿನ ಕಥೆ ಇನ್ನೂ ಚೆಂದ. ಒಂಬತ್ತು ಜನ ಒಟ್ಟಾಗಿ ಬ್ರುಯಿನೆನ್ ನದಿಯ ಹತ್ತಿರ ಗಾಯಗೊಂಡ ಒಬ್ಬ ಹಾಬಿಟ್‌ನನ್ನು ಅಟ್ಟಿಸಿಕೊಂಡು ಹೋದರು. ಹೊಳೆ ಉಕ್ಕಿತು. ಆಮೇಲೆ ಹುಡುಕಲು ಹೋದವರಿಗೆ ಸಿಕ್ಕಿದ್ದು ಎಂಟು ಕುದುರೆಗಳ ಹೆಣ, ಹರಿದು ಚಿಂದಿಯಾದ ಒಂದು ಕಪ್ಪು ನಿಲುವಂಗಿ. ಕುದುರೆಗಳಾದರೂ ಸ್ವಂತದ್ದೇ? ಅವೂ ಮಾರ್ಡೋರಿನಲ್ಲಿ ಒಡೆಯನ ಸೇವೆಗೆಂದೇ ಹುಟ್ಟಿ ಬೆಳೆದವು. ಕುದುರೆಯಿಲ್ಲದೆ, ಅಂಗಿಯಿಲ್ಲದೆ ಹೈಕಮಾಂಡ್ ಮುಂದೆ ಹೋಗಿ ನಿಂತರು. ಬೇರೆ ಯಾವ ನೌಕರಿಯಲ್ಲಾದರೂ ಅಮಾನತು ಆಗುತ್ತಿತ್ತು. ಇಲ್ಲಿ ಹಾರುವ ವಾಹನ ಮಂಜೂರಾಯಿತು.

ಮಾಂತ್ರಿಕ ರಾಜನ ವಿಷಯ ಸ್ವಲ್ಪ ಬೇರೆ. ಅವನ ಹತ್ತಿರ ಒಂದು ಭವಿಷ್ಯವಾಣಿ ಇತ್ತು. ಅದೇ ಯುಗದ 1975ರಲ್ಲಿ ಫೋರ್ನೋಸ್ಟ್ ಕಾಳಗದಲ್ಲಿ ಸೋತು ಪಲಾಯನ ಮಾಡುವಾಗ ಎಲ್ಫ್ ವೀರ ಗ್ಲೋರ್ಫಿಂಡೆಲ್ ಹೇಳಿದ ಮಾತು: ಇವನು ಯಾವ ಪುರುಷನ ಕೈಯಿಂದಲೂ ಬೀಳುವವನಲ್ಲ. ಹೇಳಿದವನು ಶತ್ರು. ಹೇಳಿದ್ದು ಇವನು ಬೆನ್ನು ತೋರಿಸಿ ಓಡುತ್ತಿದ್ದಾಗ. ಆದರೂ ಸಾವಿರ ವರ್ಷ ಇವನು ಅದನ್ನು ಜೀವವಿಮೆಯ ಹಾಗೆ ಜೇಬಲ್ಲಿಟ್ಟುಕೊಂಡು ತಿರುಗಿದ. ಷರತ್ತುಗಳನ್ನು ಯಾರು ಓದುತ್ತಾರೆ, ಅಲ್ವಾ? 3019ರ ಮಾರ್ಚ್ 15ರಂದು ಪೆಲೆನ್ನೋರ್ ಬಯಲಲ್ಲಿ ಎಯೋವಿನ್ ಎಂಬ ಹೆಣ್ಣುಮಗಳು ಹೆಲ್ಮೆಟ್ ಕಳಚಿಬಿದ್ದು ಕೂದಲು ಬಿಚ್ಚಿ ನಿಂತಳು. ಹಿಂದಿನಿಂದ ಮೆರ್ರಿ ಎಂಬ ಹಾಬಿಟ್ ಮಂಡಿಯ ಹಿಂಬದಿಗೆ ಕತ್ತಿ ಹಾಕಿದ. ಒಬ್ಬಳು ಹೆಂಗಸು, ಒಬ್ಬ ಹಾಬಿಟ್. ವಿಮೆ ವಜಾ.

ಅವನ ಜಾಗಕ್ಕೆ ಆ ಕ್ಷಣವೇ ಗೊಥ್ಮೊಗ್ ಎಂಬ ಇನ್ನೊಬ್ಬ ಬಂದ. ಅವನು ಮನುಷ್ಯನೋ ಓರ್ಕೋ ಅಂತ ಕೂಡ ಯಾರೂ ಬರೆದಿಟ್ಟಿಲ್ಲ. ಸಾವಿರಾರು ವರ್ಷ ದುಡಿದವನ ಕುರ್ಚಿ ಬಿಸಿ ಆರುವ ಮೊದಲೇ ತುಂಬಿತು.

ಹಾಗಾದರೆ ಈ ನೌಕರಿಯಲ್ಲಿ ಬಡ್ತಿಯೇ ಇಲ್ಲವೇ? ಇದೆ. ಒಬ್ಬನಿಗೆ ಸಿಕ್ಕಿದೆ. ಅವನೇ ಸೌರಾನ್.

ಇದನ್ನು ಬಂಟರೆಲ್ಲ ಮರೆತುಬಿಡುತ್ತಾರೆ. ಸೌರಾನ್ ಮೊದಲು ಹಳೆಯ ಕತ್ತಲೊಡೆಯ ಮಾರ್ಗಾತ್‌ನ ಕೈಕೆಳಗಿದ್ದವನು, ಅಲ್ಲಿ ಎರಡನೇ ಸ್ಥಾನ. ನಿಷ್ಠೆಯ ಬಗ್ಗೆ ಹೇಳಬೇಕೆಂದರೆ, ಎಲ್ಫ್ ರಾಜಕುಮಾರಿ ಲೂಥಿಯನ್ ಮತ್ತು ಅವಳ ಜೊತೆಗಿದ್ದ ನಾಯಿ ಹುವಾನ್ ಬಂದು ಎದುರಾದಾಗ, ನಾಯಿ ಕುತ್ತಿಗೆ ಹಿಡಿದ ತಕ್ಷಣ ಒಡೆಯನ ಕೋಟೆಯನ್ನು ಬಿಟ್ಟುಕೊಟ್ಟ. ಬಾವಲಿಯಾಗಿ ಹಾರಿ ಕಾಡು ಸೇರಿದ. ಕೊನೆಗೆ ಮಾರ್ಗಾತ್ ಸೋತ, ಕಿರೀಟವನ್ನೇ ಬಡಿದು ಕೊರಳಪಟ್ಟಿ ಮಾಡಿ ಅವನನ್ನು ಶೂನ್ಯಕ್ಕೆ ತಳ್ಳಿದರು. ಸೌರಾನ್ ಏನು ಮಾಡಿದ? ಗೆದ್ದವರ ದಂಡನಾಯಕ ಎಯೋನ್ವೆ ಮುಂದೆ ಬಂದು ತಪ್ಪಾಯಿತು ಅಂದ. ಪಶ್ಚಿಮಕ್ಕೆ ಹೋಗಿ ವಿಚಾರಣೆ ಎದುರಿಸು ಅಂದಾಗ ಮಾತ್ರ ತಲೆ ಮರೆಸಿಕೊಂಡ.

ಅವನ ಜಾಣತನ ಗೊತ್ತಾಗುವುದು ಆಮೇಲೆ. ಎರಡನೇ ಯುಗದ 3262ರಲ್ಲಿ ನೂಮೆನೋರಿನ ರಾಜ ಅರ್-ಫರಜೋನ್ ಇವನನ್ನು ಸೆರೆಯಾಳಾಗಿ ಎಳೆದುಕೊಂಡು ಹೋದ. ಕೆಲವೇ ವರ್ಷಗಳಲ್ಲಿ ಸೆರೆಯಾಳು ಮುಖ್ಯ ಸಲಹೆಗಾರನಾದ. ಅಲ್ಲಿ ತನ್ನ ಹಳೆಯ ಬಾಸ್ ಹೆಸರಲ್ಲಿ ಭಾರಿ ಗುಡಿ ಕಟ್ಟಿಸಿದ. ಬೆಳ್ಳಿಯ ಗುಮ್ಮಟ ಹೊಗೆಗೆ ಕಪ್ಪಾಗುವಷ್ಟು ಬಲಿ ಕೊಡಿಸಿದ. ಎಂಥಾ ಗುರುಭಕ್ತಿ ಅನ್ನಬೇಕು! ಶೂನ್ಯದಲ್ಲಿರುವ ಬಾಸ್ ವಾಪಸ್ ಬಂದು ಹುಂಡಿ ಲೆಕ್ಕ ಕೇಳುವಂತಿಲ್ಲ. ಭಕ್ತಿ ಮಾಡುವುದಾದರೆ ಇಂಥ ದೇವರಿಗೇ ಮಾಡಬೇಕು. 3319ರಲ್ಲಿ ನೂಮೆನೋರ್ ಸಮುದ್ರದಲ್ಲಿ ಮುಳುಗಿತು, ಇವನು ಮಾರ್ಡೋರಿಗೆ ತಪ್ಪಿಸಿಕೊಂಡು ಬಂದ. ರೂಪ ಕಳೆದುಕೊಂಡ, ಪದವಿ ಕಳೆದುಕೊಳ್ಳಲಿಲ್ಲ.

ಹೀಗೆ ಮೇಲೆ ಬಂದವನು ತನ್ನ ಎರಡನೇ ಸ್ಥಾನದವರನ್ನು ನಂಬುತ್ತಾನಾ? ಎರಡನೇ ಸ್ಥಾನದವನ ಮನಸ್ಸಲ್ಲಿ ಏನಿರುತ್ತದೆ ಅಂತ ಅವನಷ್ಟು ಚೆನ್ನಾಗಿ ಬಲ್ಲವರು ಯಾರು? ಒಂಬತ್ತು ಉಂಗುರಗಳನ್ನು ತನ್ನ ಬಳಿಯೇ ಇಟ್ಟುಕೊಂಡಿದ್ದು ಯಾಕೆ ಅಂತ ಈಗ ಹೊಳೆಯುತ್ತದೆ.

ಈ ಗುಂಪಿನಲ್ಲಿ ನನಗೆ ಸ್ವಲ್ಪ ಗೌರವ ಇರುವುದು ಮೋರಿಯಾ ಗಣಿಯ ಬಾಲ್‌ರಾಗ್ ಎಂಬ ಬೆಂಕಿಯ ಪಿಶಾಚಿಯ ಮೇಲೆ. ಬಾಸ್ ಮಾರ್ಗಾತ್ ಬಿದ್ದಾಗ ಬೆಟ್ಟದಡಿಗೆ ಹೋಗಿ ಮಲಗಿತು. 5,400 ವರ್ಷಕ್ಕೂ ಜಾಸ್ತಿ ರಜೆ. ಮೂರನೇ ಯುಗದ 1980ರಲ್ಲಿ ಕುಳ್ಳರು ಮಿಥ್ರಿಲ್ ಎಂಬ ಅಪರೂಪದ ಲೋಹದ ಆಸೆಗೆ ಅಗೆದು ಎಬ್ಬಿಸಿದ ಮೇಲೂ ಹೊಸ ಒಡೆಯನ ಹತ್ತಿರ ಹಾಜರಿ ಹಾಕಲು ಮಾರ್ಡೋರಿಗೆ ಹೋಗಲಿಲ್ಲ.

ಮಾಂತ್ರಿಕ ಸರುಮಾನ್‌ನದು ಓದಿದವರ ದಾರಿ. ಸೌರಾನ್ ವಿರೋಧಿಗಳ ಶ್ವೇತ ಮಂಡಳಿಯ ಅಧ್ಯಕ್ಷ, ಮಾತಿನಲ್ಲಿ ಮೋಡಿ, ಐಸೆಂಗಾರ್ಡ್‌ನಂಥ ಕೋಟೆ. 3018ರಲ್ಲಿ ಇನ್ನೊಬ್ಬ ಮಾಂತ್ರಿಕ ಗ್ಯಾಂಡಾಲ್ಫ್‌ನನ್ನು ಕೂರಿಸಿಕೊಂಡು ವಿವರಿಸುತ್ತಾನೆ. ಹೊಸ ಶಕ್ತಿ ಬರುತ್ತಿದೆ, ನಾವೂ ಸೇರಿಕೊಳ್ಳೋಣ, ಒಳಗಿದ್ದೇ ಮೆಲ್ಲಗೆ ತಿದ್ದೋಣ, ದಾರಿಯಲ್ಲಿ ಕೆಲವು ಕೆಟ್ಟದ್ದು ನಡೆದರೆ ವಿಷಾದ ವ್ಯಕ್ತಪಡಿಸೋಣ ಅಂತ. ಒಪ್ಪದವನನ್ನು ಗೋಪುರದ ತುದಿಯಲ್ಲಿ ಕೂಡಿಹಾಕಿದ. ಅದಕ್ಕೆ ವಿಷಾದ ವ್ಯಕ್ತಪಡಿಸಿದ್ದು ಮಾತ್ರ ಕೇಳಿಬಂದಿಲ್ಲ. ಬಿಳಿಯ ನಿಲುವಂಗಿ ಬಿಟ್ಟು ಹಲವು ಬಣ್ಣದ್ದು ಹಾಕಿಕೊಂಡಿದ್ದ. ಯಾವ ಬಣದವರು ಬಂದರೂ ಒಂದು ಬಣ್ಣ ಹೊಂದಿಕೊಳ್ಳುತ್ತದಲ್ಲ. ಒಳಗೊಳಗೆ ಉಂಗುರ ತನಗೇ ಸಿಗಲಿ ಅಂತ ಬೇರೆ ಹುಡುಕಾಟ. ಅಂದರೆ ಸೌರಾನ್‌ಗೂ ಮೋಸ. ಸರುಮಾನ್‌ಗೆ ಒಬ್ಬ ಬಂಟ ಇದ್ದ, ವರ್ಮ್‌ಟಂಗ್. ಅವನನ್ನು ಒದ್ದು ಬೈದು ನಡೆಸಿಕೊಂಡ. 3019ರ ನವೆಂಬರಿನಲ್ಲಿ ಅದೇ ಶೈರ್‌ನಲ್ಲಿ, ಅದೇ ಬ್ಯಾಗಿನ್ಸ್ ಮನೆ ಬಾಗಿಲಲ್ಲಿ, ಇನ್ನೊಂದು ಒದೆ ಬಿದ್ದ ಮೇಲೆ ಬಂಟ ಚೂರಿ ತೆಗೆದ.

ಕೆಳಗಿನವರ ಕನಸು ಇದಕ್ಕಿಂತ ಪ್ರಾಮಾಣಿಕವಾಗಿತ್ತು. ಓರ್ಕ್ ನಾಯಕರಾದ ಗೊರ್ಬಾಗ್ ಮತ್ತು ಶಾಗ್ರಾಟ್ ಮಾರ್ಡೋರಿನ ಗಡಿಯ ಕಿರಿತ್ ಉಂಗೋಲ್‌ನ ಸುರಂಗದಲ್ಲಿ ನಡೆಯುತ್ತಾ ಮಾತಾಡಿಕೊಳ್ಳುತ್ತಾರೆ. ಯುದ್ಧ ಮುಗಿದರೆ ನಂಬಿಕಸ್ಥ ಹುಡುಗರನ್ನು ಕಟ್ಟಿಕೊಂಡು ಎಲ್ಲಾದರೂ ಹೋಗೋಣ, ಲೂಟಿ ಕೈಗೆ ಸಿಗುವ ಜಾಗ ಇರಲಿ, ದೊಡ್ಡ ಬಾಸ್‌ಗಳು ಇರದಿರಲಿ. ಇಡೀ ಮಾರ್ಡೋರಿನಲ್ಲಿ ಯಾರೋ ಆಡಿದ ಒಂದೇ ಒಂದು ಮನಸ್ಸಿನ ಮಾತು. ಸ್ವಲ್ಪ ಹೊತ್ತಿಗೆ ಸೆರೆಸಿಕ್ಕ ಹಾಬಿಟ್ ಒಬ್ಬನ ಮಿಥ್ರಿಲ್ ಅಂಗಿಗಾಗಿ ಇಬ್ಬರ ಕಡೆಯವರೂ ಬಡಿದಾಡಿ ಕಾವಲುಪಡೆಯೇ ಹೆಚ್ಚುಕಡಿಮೆ ಖಾಲಿಯಾಯಿತು.

ಆ ಅಂಗಿಯೇ ಮುಂದೆ ಮಾರ್ಡೋರಿನ ಕಪ್ಪು ಬಾಗಿಲ ಮುಂದೆ ಹಾಜರಾಗುತ್ತದೆ. ಹಿಡಿದು ಬಂದವನು ಬರಾದ್-ದೂರ್‌ನ ಉಪನಾಯಕ. ಹೆಸರು? ಅವನಿಗೇ ನೆನಪಿಲ್ಲ. ಸೌರಾನ್‌ನ ಬಾಯಿ ನಾನು ಅಂತ ಪರಿಚಯ ಹೇಳಿಕೊಂಡ. ಇನ್ನೊಬ್ಬನ ಅಂಗವಾಗಿ ಬದುಕುವುದನ್ನು ಇಷ್ಟು ಹೆಮ್ಮೆಯಿಂದ ಹೇಳಿಕೊಂಡವರನ್ನು ನಾನು ಬೇರೆ ಕಂಡಿಲ್ಲ. 3019ರ ಮಾರ್ಚ್ 25, ಬೆಳಗಿನ ಹೊತ್ತು. ಎತ್ತರದ ಶಿರಸ್ತ್ರಾಣ, ತಲೆಬುರುಡೆಯಂಥ ಮುಖದ ಕುದುರೆ. ಬಂದವನೇ ಎದುರಿಗಿದ್ದವರನ್ನು ಹಂಗಿಸಿದ. ಅವರ ನಾಯಕ ಅರಗಾರ್ನ್ ಒಂದು ಮಾತೂ ಆಡದೆ ಕಣ್ಣಲ್ಲಿ ಕಣ್ಣಿಟ್ಟು ನೋಡಿದ. ಅಷ್ಟಕ್ಕೇ ಇವನು ಹಿಂದೆ ಸರಿದು, ನಾನು ದೂತ, ನನ್ನನ್ನು ಮುಟ್ಟುವಂತಿಲ್ಲ ಅಂತ ಕೂಗಿಕೊಂಡ. ಯಾರೂ ಕೈ ಎತ್ತಿರಲಿಲ್ಲ.

ಆಮೇಲೆ ಷರತ್ತು ಓದಿದ. ಅಂಡುಯಿನ್ ನದಿಯ ಪೂರ್ವಕ್ಕಿರುವುದೆಲ್ಲ ಸೌರಾನ್‌ಗೆ. ಪಶ್ಚಿಮದವರು ಕಪ್ಪ ಕಟ್ಟಬೇಕು, ಆಯುಧ ಹಿಡಿಯಬಾರದು. ಮತ್ತೆ, ಹಾಳಾದ ಐಸೆಂಗಾರ್ಡನ್ನು ಅವರೇ ಕಟ್ಟಿಕೊಡಬೇಕು. ಅಲ್ಲಿ ಸೌರಾನ್‌ನ ಪ್ರತಿನಿಧಿ ಇರುತ್ತಾನೆ, ಸರುಮಾನ್ ಅಲ್ಲ, ಅವನಿಗಿಂತ ನಂಬಿಕೆಗೆ ಅರ್ಹನಾದ ಒಬ್ಬ. ಆ ಒಬ್ಬ ಯಾರು ಅಂತ ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ, ಕಣ್ಣಲ್ಲೇ ಎಲ್ಲರಿಗೂ ಕಾಣುತ್ತಿತ್ತು. ಶಾಂತಿ ಮಾತುಕತೆಯ ಮಧ್ಯೆ ತನ್ನ ಪೋಸ್ಟಿಂಗ್ ಸೇರಿಸಿಕೊಂಡಿದ್ದ ಮಹಾರಾಯ. ಗ್ಯಾಂಡಾಲ್ಫ್ ಷರತ್ತು ಒಪ್ಪದೆ, ಮಿಥ್ರಿಲ್ ಅಂಗಿಯನ್ನು ಕಿತ್ತುಕೊಂಡು, ಹೋಗು ಅಂದ. ಬಾಯಿಗೆ ಬಾಯೇ ಬರಲಿಲ್ಲ. ಕುದುರೆ ತಿರುಗಿಸಿ ಓಡಿದ.

ಅದೇ ದಿನ ಸೌರಾನ್‌ನ ಆ ಉಂಗುರ ಬೆಟ್ಟದ ಬೆಂಕಿಗೆ ಬಿತ್ತು, ಅವನ ಆಟ ಮುಗಿಯಿತು. ಉಳಿದಿದ್ದ ಎಂಟು ನಾಜ್ಗೂಲ್‌ಗಳಿಗೆ ಬೆಟ್ಟಕ್ಕೆ ಬೇಗ ಬನ್ನಿ ಅಂತ ಕರೆ ಬಂದಿತ್ತು. ಜೀವಮಾನದಲ್ಲಿ ಎಂದೂ ಇಲ್ಲದ ವೇಗದಲ್ಲಿ ಹೋದರು, ಬೆಟ್ಟ ಸ್ಫೋಟಿಸುವ ಹೊತ್ತಿಗೆ ಸರಿಯಾಗಿ ತಲುಪಿದರು. ಸಮಯಪಾಲನೆಗೆ ಸಿಕ್ಕ ಪ್ರತಿಫಲ ಅದು. ಸೌರಾನ್‌ನ ಬಾಯಿ ಏನಾದ ಅಂತ ಯಾರೂ ಬರೆದಿಲ್ಲ. ಬದುಕಿ ಐಸೆಂಗಾರ್ಡ್‌ಗೆ ಅಧಿಕಾರ ವಹಿಸಿಕೊಳ್ಳಲು ಹೋಗಿದ್ದರೆ, ಅಲ್ಲಿ ಎಂಟ್‌ಗಳು ಎಂಬ ನಡೆದಾಡುವ ಮರಗಳು ಕೋಟೆಯ ಸುತ್ತುಗೋಡೆ ಕಿತ್ತು ತೋಟ ಮಾಡಿಕೊಂಡಿದ್ದರು. ಚಾರ್ಜ್ ತೆಗೆದುಕೊಳ್ಳಬೇಕಾಗಿದ್ದು ಮರಗಳಿಂದ. ಅವಕ್ಕೆ ಅವಸರ ಇರುವುದಿಲ್ಲ, ಹೆಸರು ಕೇಳದೆ ಒಳಗೆ ಬಿಡುವುದೂ ಇಲ್ಲ.