ಸುರಂಗದಲ್ಲಿ ಯಾರೂ ಕೇಳದ ಪ್ರಶ್ನೆ

ಅಮೆರಿಕದ ಕಾಲೇಜುಗಳಲ್ಲಿ ‘ಟನೆಲ್ ಆಫ್ ಅಪ್ರೆಶನ್’ ಅಂತ ಒಂದು ಕಾರ್ಯಕ್ರಮ ಮಾಡುತ್ತಾರೆ. ದಬ್ಬಾಳಿಕೆಯ ಸುರಂಗ ಅನ್ನಬಹುದು. 1990ರ ದಶಕದಲ್ಲಿ ವೆಸ್ಟರ್ನ್ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಶುರುವಾಗಿ ಆಮೇಲೆ ಬೇರೆ ಕಡೆಗೂ ಹಬ್ಬಿತು. ಒಂದು ಹಾಲಿಗೆ ಕಪ್ಪು ಬಟ್ಟೆ ಕಟ್ಟಿ ಕತ್ತಲು ಮಾಡಿ, ನಮ್ಮನ್ನು ಕೋಣೆಯಿಂದ ಕೋಣೆಗೆ ಕರೆದುಕೊಂಡು ಹೋಗುತ್ತಾರೆ. ಒಂದು ಕಡೆ ಹುಡುಗರೇ ಅವಮಾನದ ದೃಶ್ಯ ಆಡಿ ತೋರಿಸುತ್ತಾರೆ. ಇನ್ನೊಂದು ಕಡೆ ಗೋಡೆ ತುಂಬ ಬೈಗುಳ. ಕೊನೆಗೆ ಬೆಳಕಿರುವ ಕೋಣೆಯಲ್ಲಿ ಕೂತು ಮಾತುಕತೆ.

ಮೊದಲು ನನಗೆ ಇದೆಲ್ಲ ಬರೀ ನಾಟಕ ಅನ್ನಿಸಿತು. ಹತ್ತು ನಿಮಿಷ ಕತ್ತಲಲ್ಲಿ ನಡೆದರೆ ಇನ್ನೊಬ್ಬರ ಬದುಕು ಗೊತ್ತಾಗುತ್ತದಾ? ಆದರೆ ನಮ್ಮ ಕಡೆಯ ರೀತಿ ನೆನೆಸಿಕೊಂಡರೆ ಆಡಿಕೊಳ್ಳೋಕೆ ಬಾಯಿಲ್ಲ. ಯಾರವನು ಎಂದು ಕೇಳಬೇಡ ಅನ್ನುವ ವಚನ ಬಾಯಿಪಾಠ ಮಾಡಿ ಮಾರ್ಕ್ಸ್ ತಗೊಂಡವರು ನಾವು. ಅದೇ ಸಂಜೆ ಹಾಸ್ಟೆಲಿಗೆ ಹೊಸಬ ಬಂದರೆ ‘ಯಾವ ಪೈಕಿ?’ ಅಂತ ಕೇಳುತ್ತಿದ್ದೆವು. ಇಲ್ಲಿ ಅಮೆರಿಕದವರು ಕೆಟ್ಟ ಮಾತನ್ನು ಗೋಡೆ ಮೇಲೆ ಬರೆದಾದರೂ ತೋರಿಸುತ್ತಾರೆ.

ನನ್ನ ತಕರಾರು ಬೇರೆ. ಸುರಂಗದೊಳಗೆ ನಾನು ಆರಾಮಾಗಿದ್ದೆ! ಕಂದು ಬಣ್ಣದವನು, ಉಚ್ಚಾರಣೆ ಬೇರೆ, ಹೆಸರನ್ನು ಯಾರೂ ಸರಿಯಾಗಿ ಹೇಳುವುದಿಲ್ಲ. ಅಲ್ಲಿ ನೋವು ತಿಂದವರ ಸಾಲಿನಲ್ಲಿ ನಾನೂ ಸಲೀಸಾಗಿ ನಿಂತುಬಿಟ್ಟೆ. 1968ರಲ್ಲಿ, ಮಾರ್ಟಿನ್ ಲೂಥರ್ ಕಿಂಗ್ ಕೊಲೆಯಾದ ಮರುದಿನ, ಐಯೊವಾದ ಜೇನ್ ಎಲಿಯಟ್ ಎಂಬ ಟೀಚರ್ ಮೂರನೇ ಕ್ಲಾಸಿನ ಮಕ್ಕಳನ್ನು ಕಣ್ಣಿನ ಬಣ್ಣದ ಮೇಲೆ ಮೇಲು ಕೀಳು ಅಂತ ಬೇರೆ ಮಾಡಿದರು. ಆಮೇಲೆ ಅದಲುಬದಲು ಮಾಡಿದರು. ಚಿಕ್ಕ ಮಕ್ಕಳ ಮೇಲೆ ಇಂಥ ಪ್ರಯೋಗ ಸರಿಯಾ ಅನ್ನುವ ಜಗಳ ಇನ್ನೂ ನಿಂತಿಲ್ಲ. ಆದರೂ ಆ ಮಕ್ಕಳು ಎರಡೂ ಕಡೆ ನಿಂತು ನೋಡಿದರು. ನಾನು ಒಂದೇ ಕಡೆ ನಿಂತು ಹೊರಗೆ ಬಂದೆ.

ಯಾರಿಗೆ ಎಷ್ಟು ಸವಲತ್ತು ಸಿಕ್ಕಿದೆ ಅಂತ ತೋರಿಸುವ ‘ಪ್ರಿವಿಲೆಜ್ ವಾಕ್’ ಅಂತ ಇನ್ನೊಂದು ಕಾರ್ಯಕ್ರಮ ಇದೆ. ಅದು ಈ ಸುರಂಗಕ್ಕಿಂತ ವಾಸಿ. ಎಲ್ಲರೂ ಒಂದೇ ಗೆರೆಯಲ್ಲಿ ನಿಲ್ಲಬೇಕು. ಮನೆಯಲ್ಲಿ ಪುಸ್ತಕ ಇದ್ದವಾ? ಒಂದು ಹೆಜ್ಜೆ ಮುಂದೆ. ಅಂಗಡಿಯಲ್ಲಿ ಕಾವಲಿನವನು ಹಿಂದೆ ಬಂದಿದ್ದನಾ? ಒಂದು ಹೆಜ್ಜೆ ಹಿಂದೆ. ಪಾಪ, ಹಿಂದೆ ಉಳಿದವರು ಮುಂದಿನವರ ಪಾಠಕ್ಕೆ ಸುಮ್ನೆ ಮಾದರಿಯಾಗುತ್ತಾರೆ, ಅದೂ ನಿಜ. ಆದರೆ ಆ ಪ್ರಶ್ನೆಗಳ ಪಟ್ಟಿಯಲ್ಲಿ ಜಾತಿ ಇರಲೇ ಇಲ್ಲ. ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿ ತಾರತಮ್ಯ ಮಾಡಬಾರದು ಅನ್ನುವ ತನ್ನ ನಿಯಮಕ್ಕೆ ಜಾತಿಯನ್ನು ಸೇರಿಸಿದ್ದೇ 2022ರಲ್ಲಿ. ಆಗ ‘ಇಲ್ಲಿಗೆ ಬಂದ ಮೇಲೂ ಅದೆಲ್ಲ ಯಾಕೆ’ ಅಂತ ಜಾಸ್ತಿ ಗೊಣಗಿದವರು ನಮ್ಮವರೇ ಅಲ್ವಾ?

ಮನೆಗೆ ಬಂದು ನಾನೇ ಪ್ರಶ್ನೆ ಬರೆದೆ. ಅಡ್ಡಹೆಸರು ಕೇಳಿ ಯಾರಾದರೂ ಬಾಡಿಗೆಗೆ ಮನೆ ಇಲ್ಲ ಅಂದಿದ್ದಾರಾ? ಸ್ನೇಹಿತನ ಅಡುಗೆಮನೆಯ ಬಾಗಿಲಲ್ಲೇ ನಿಲ್ಲಿಸಿದ್ದಾರಾ? ಮೆರಿಟ್ ಬಗ್ಗೆ ನಿಮ್ಮೆದುರೇ ಜೋಕ್ ಮಾಡಿದ್ದಾರಾ? ನಾನು ಒಂದು ಹೆಜ್ಜೆಯೂ ಹಿಂದೆ ಹೋಗಲಿಲ್ಲ. ಹಾಸ್ಟೆಲಿನ ರೂಮ್‌ಮೇಟ್ ಎಲ್ಲಿ ನಿಲ್ಲುತ್ತಿದ್ದ ಅಂತ ಲೆಕ್ಕ ಹಾಕೋಕೆ ಹೋದೆ. ಎರಡು ವರ್ಷ ಒಂದೇ ರೂಮಲ್ಲಿದ್ದೆವು. ಅವನ ಮನೆಯ ಬಗ್ಗೆ ನನಗೆ ಗೊತ್ತಿದ್ದದ್ದು ಊರಿನ ಹೆಸರು ಮಾತ್ರ.