ಚಂದದ ಹಳೆಯ ನಕ್ಷೆಯ ಅಂಚನ್ನೂ ಸ್ವಲ್ಪ ನೋಡಿ

ಈಗ ಬೆಂಗಳೂರಿನ ಕೆಫೆಗಳಲ್ಲಿ, ಹೋಟೆಲ್ ಲಾಬಿಗಳಲ್ಲಿ ಬ್ರಿಟಿಷರ ಕಾಲದ ಮ್ಯಾಪ್‌ಗಳನ್ನು ಫ್ರೇಮ್ ಹಾಕಿಸಿ ನೇತುಹಾಕುವುದು ಜಾಸ್ತಿಯಾಗಿದೆ. ಕಂದು ಕಾಗದ, ಸುತ್ತಲೂ ಬಳ್ಳಿ, ಮೂಲೆಯಲ್ಲಿ ಆನೆ, ಹುಲಿ, ಒಂದು ದೇವಸ್ಥಾನ. ನನಗೆ ಇವು ತುಂಬಾ ಇಷ್ಟ. ತೆಗೆದುಹಾಕಿ ಎಂದು ಹೇಳಲು ಇದನ್ನು ಬರೆಯುತ್ತಿಲ್ಲ. ನನ್ನ ತಕರಾರು ಬೇರೆ. ನಡುವೆ ನಮ್ಮೂರಿನ ಹೆಸರು ಸಿಕ್ಕಿತು ಅಂತ ಖುಷಿಪಡುತ್ತೇವೆ, ಅಂಚಿನ ಚಿತ್ರಗಳನ್ನು ಬರೀ ಅಲಂಕಾರ ಅಂತ ಬಿಟ್ಟುಬಿಡುತ್ತೇವೆ. ಆ ನಕ್ಷೆಗಳು ಹೇಳಬೇಕಾದ್ದನ್ನೆಲ್ಲ ಅಂಚಿನಲ್ಲೇ ಹೇಳಿವೆ.

ಎಲ್ಲಕ್ಕಿಂತ ಹೆಚ್ಚು ಕಾಣಸಿಗುವುದು 1886ರ ನಕ್ಷೆ. ಬ್ರಿಟಿಷ್ ಸಾಮ್ರಾಜ್ಯ ಎಷ್ಟು ದೊಡ್ಡದು ಎಂದು ತೋರಿಸಲು ಲಂಡನ್ನಿನ 'ದಿ ಗ್ರಾಫಿಕ್' ಪತ್ರಿಕೆ ಅದನ್ನು ಜುಲೈ 24ರ ಸಂಚಿಕೆಯ ಜೊತೆ ಕೊಟ್ಟಿತು. ಬ್ರಿಟಿಷರ ನಾಡುಗಳೆಲ್ಲ ಕೆಂಪು. ದುಂಡಗಿನ ಭೂಮಿಯನ್ನು ಚಪ್ಪಟೆ ಹಾಳೆಗೆ ಇಳಿಸುವ ಮರ್ಕೇಟರ್ ಲೆಕ್ಕದಲ್ಲಿ ಬಿಡಿಸಿದ್ದರಿಂದ ಉತ್ತರದ ಕೆನಡಾ ಇರುವುದಕ್ಕಿಂತ ಎಷ್ಟೋ ದೊಡ್ಡದಾಗಿ ಕಾಣುತ್ತದೆ, ಕೆಂಪು ಬಣ್ಣಕ್ಕೆ ಪುಕ್ಕಟೆ ಜಾಗ ಸಿಕ್ಕಿದೆ. ಕೆಳಗೆ ನಡುವಿನಲ್ಲಿ ತ್ರಿಶೂಲ ಹಿಡಿದ ಬ್ರಿಟಾನಿಯಾ, ಅಂದರೆ ಹೆಣ್ಣಿನ ರೂಪದಲ್ಲಿ ಬಿಡಿಸಿದ ಬ್ರಿಟನ್, ಭೂಗೋಳದ ಮೇಲೆ ಕುಳಿತಿದ್ದಾಳೆ. ಸುತ್ತ ಸೈನಿಕರು, ಪ್ರಾಣಿಗಳು, ಬೇರೆ ಬೇರೆ ನಾಡಿನ ಜನ. ಹೊರೆ ಹೊತ್ತು ಬಾಗಿದ ಕೂಲಿಯವನೂ ಇದ್ದಾನೆ.

ಅವಳು ಕುಳಿತ ಭೂಗೋಳವನ್ನು ಹೊತ್ತಿರುವುದು ಯಾರು ನೋಡಿ. ಗ್ರೀಕ್ ಕಥೆಯ ಅಟ್ಲಾಸ್. ಅವನ ಮೈಮೇಲಿನ ಪಟ್ಟಿಯಲ್ಲಿ 'ಹ್ಯೂಮನ್ ಲೇಬರ್' ಎಂದು ಬರೆದಿದೆ. ಅಂದರೆ ಮನುಷ್ಯರ ದುಡಿಮೆ. ಮೇಲಿನ ಅಂಚಿನಲ್ಲಿ ಮೂವರು ಹೆಂಗಸರು ಸ್ವಾತಂತ್ರ್ಯ, ಸೋದರತೆ, ಒಕ್ಕೂಟ ಎಂಬ ಪಟ್ಟಿ ಹಿಡಿದಿದ್ದಾರೆ. ಅವರ ತಲೆಯ ಮೇಲಿರುವುದು ಫ್ರೆಂಚ್ ಕ್ರಾಂತಿಯ ಟೋಪಿ! ಸಾಮ್ರಾಜ್ಯವನ್ನು ಹೊಗಳುವ ನಕ್ಷೆಯಲ್ಲಿ ಇದೆಲ್ಲ ಹೇಗೆ ಬಂತು? ಬಿಡಿಸಿದವನು ವಾಲ್ಟರ್ ಕ್ರೇನ್. ಮಕ್ಕಳ ಪುಸ್ತಕಗಳ ಚಿತ್ರಗಳಿಗೆ ಹೆಸರಾದವನು, ಜೊತೆಗೆ ಸಮಾಜವಾದಿ. ಈ ನಕ್ಷೆ ಅವನದ್ದು ಎಂಬುದು ಬಹಳ ಕಾಲ ಹೆಚ್ಚಿನವರ ಗಮನಕ್ಕೇ ಬಂದಿರಲಿಲ್ಲ. ಸಾಮ್ರಾಜ್ಯದ ಭಾರ ಯಾರ ಬೆನ್ನ ಮೇಲಿದೆ ಎಂದು ಅವನು ಅಂಚಿನಲ್ಲೇ ಬರೆದಿಟ್ಟ. ನಾವು ಅದರ ಕೆಳಗೆ ಕುಳಿತು ಕಾಫಿ ಕುಡಿದು ಎದ್ದು ಬರುತ್ತೇವೆ, ಅಲ್ವಾ?

ಆ ನಕ್ಷೆ ಬಂದದ್ದು ಲಂಡನ್ನಿನ ಸೌತ್ ಕೆನ್ಸಿಂಗ್ಟನ್‌ನಲ್ಲಿ ವಸಾಹತುಗಳ ಮತ್ತು ಭಾರತದ ದೊಡ್ಡ ಪ್ರದರ್ಶನ ನಡೆಯುತ್ತಿದ್ದಾಗ. ಸುಮಾರು 55 ಲಕ್ಷ ಜನ ನೋಡಲು ಬಂದರು. ಅಲ್ಲಿ ಭಾರತದ ಕುಶಲಕರ್ಮಿಗಳು ಎಲ್ಲರೆದುರು ಕುಳಿತು ನೇಯುತ್ತಿದ್ದರು, ಮಡಕೆ ಮಾಡುತ್ತಿದ್ದರು. ಹಳ್ಳಿಯ ಕಸುಬಿನವರು ಎಂದು ತೋರಿಸಿದ ಅವರಲ್ಲಿ ಹೆಚ್ಚಿನವರು ಆಗ್ರಾ ಜೈಲಿನ ಕೈದಿಗಳು. ಜೈಲಿನಲ್ಲೇ ಕೆಲಸ ಕಲಿತವರು. ಅವರಲ್ಲಿದ್ದ ಬಕ್ಷಿರಾಮ್ ಎಂಬ ಮುದುಕ ಕುಂಬಾರನ ಚಿತ್ರವನ್ನು ವಿಕ್ಟೋರಿಯಾ ರಾಣಿ ರುಡಾಲ್ಫ್ ಸ್ವೊಬೊಡಾ ಎಂಬ ಕಲಾವಿದನಿಂದ ಬರೆಸಿಕೊಂಡಳು. ಎಂಥಾ ಮುಖ ಅದು! ಆ ಮುಖ ನೋಡಿದ ಮೇಲೆ ನಕ್ಷೆಯ ಅಂಚಿನ ಜನ ನನಗೆ ಬರೀ ಚಿತ್ರವಾಗಿ ಕಾಣುವುದಿಲ್ಲ.

ಇನ್ನು ಅಂಗಡಿಗಳಲ್ಲಿ ಬಿಡಿ ಹಾಳೆಯಾಗಿ ಮಾರುವ ಟಾಲಿಸ್ ನಕ್ಷೆಗಳು. ಲಂಡನ್ನಿನ ಜಾನ್ ಟಾಲಿಸ್ ಪ್ರಕಾಶನ ಕಂಪನಿ ಇವನ್ನು ಅಟ್ಲಾಸ್ ಆಗಿ, ಅಂದರೆ ನಕ್ಷೆಗಳ ಪುಸ್ತಕವಾಗಿ ತಂದದ್ದು 1851ರ ಹೊತ್ತಿಗೆ. ನಕ್ಷೆಗಳನ್ನು ಉಕ್ಕಿನ ಫಲಕದ ಮೇಲೆ ಕೆತ್ತಿದವನು ಜಾನ್ ರಾಪ್ಕಿನ್. ತಾಮ್ರದ ಫಲಕ ಬೇಗ ಸವೆಯುತ್ತದೆ, ಉಕ್ಕಿನದು ತಡೆಯುತ್ತದೆ. ಅದಕ್ಕೇ ಕೂದಲೆಳೆಯಂಥ ಗೆರೆಗಳು ಅಷ್ಟು ಪ್ರತಿ ಅಚ್ಚಾದರೂ ಮಸುಕಾಗಲಿಲ್ಲ. ಆಸ್ಟ್ರೇಲಿಯಾ, ಜಮೈಕಾ, ಸಿಲೋನ್, ನಮ್ಮ ದಕ್ಷಿಣ ಭಾರತ, ಎಲ್ಲವೂ ಇವೆ. ಕೊಳ್ಳುವವರಿಗೆ ಒಂದು ಮಾತು: ಆಗ ಸಾಮಾನ್ಯವಾಗಿ ಬಣ್ಣ ಹಚ್ಚುತ್ತಿದ್ದದ್ದು ಗಡಿಗಳಿಗೆ ಮಾತ್ರ. ಚಿತ್ರಗಳಿಗೂ ತುಂಬ ಬಣ್ಣವಿದ್ದರೆ ಅದು ಎಷ್ಟೋ ಸಲ ಆಮೇಲೆ ಹಚ್ಚಿದ್ದು.

ಆ ಅಟ್ಲಾಸ್‌ನ ಬರಹದ ಭಾಗವನ್ನು ನೋಡಿಕೊಂಡವನು ಆರ್. ಮಾಂಟ್ಗೊಮೆರಿ ಮಾರ್ಟಿನ್. ಇದೇ ಮಾರ್ಟಿನ್ 1838ರಲ್ಲಿ ಒಂದು ಲೆಕ್ಕ ಹಾಕಿದ್ದ. ಭಾರತದಿಂದ ವರ್ಷಕ್ಕೆ 30 ಲಕ್ಷ ಪೌಂಡ್ ಹರಿದುಹೋಗುತ್ತಿದೆ, 30 ವರ್ಷಕ್ಕೆ ಶೇಕಡ 12ರ ಚಕ್ರಬಡ್ಡಿ ಸೇರಿಸಿದರೆ 72 ಕೋಟಿ ಪೌಂಡ್ ದಾಟುತ್ತದೆ ಎಂದು. ಮುಂದೆ ದಾದಾಭಾಯಿ ನವರೋಜಿ, ಭಾರತದ ಸಂಪತ್ತು ಬ್ರಿಟನ್ನಿಗೆ ಸೋರುತ್ತಿದೆ ಎಂಬ ತಮ್ಮ ವಾದಕ್ಕೆ ಈ ಲೆಕ್ಕವನ್ನೇ ಎತ್ತಿಕೊಂಡರು. ಸಂಪತ್ತು ಹೇಗೆ ಸೋರುತ್ತಿದೆ ಎಂದು ತಿಳಿದವನ ಹೆಸರೇ ಆ ಬಳ್ಳಿಯ ಅಂಚಿನ ಅಟ್ಲಾಸ್‌ನ ಮೇಲಿದೆ. ಇದು ನನ್ನನ್ನು ಬಹಳ ಕಾಡುತ್ತದೆ. ವ್ಯಾಪಾರಿಗಳು ಅಟ್ಲಾಸ್ ಬಿಚ್ಚಿ ನಕ್ಷೆಗಳನ್ನಷ್ಟೇ ಮಾರುತ್ತಾರೆ, ಬರಹದ ಹಾಳೆಗಳನ್ನು ಕೇಳುವವರಿಲ್ಲ. ಚಿತ್ರ ನಮ್ಮ ಗೋಡೆಗೆ ಬರುತ್ತದೆ, ಮಾತು ಕಳೆದುಹೋಗುತ್ತದೆ.

ಅಂಚಿನಲ್ಲೂ ಜಾಗ ಸಿಗದವರು ಇದ್ದಾರೆ. 1799ರಲ್ಲಿ ಟಿಪ್ಪು ಬಿದ್ದ ಮೇಲೆ, 1800ರಲ್ಲಿ ಬ್ರಿಟಿಷ್ ಸೇನೆಯ ಅಧಿಕಾರಿ ವಿಲಿಯಂ ಲ್ಯಾಂಬ್ಟನ್ ಸರ್ವೆಗೆ ಆಧಾರವಾಗಿ ಬೆಂಗಳೂರಿನ ಹತ್ತಿರ ಒಂದು ನೇರ ಗೆರೆ ಅಳೆದ. 100 ಅಡಿ ಉದ್ದದ ಉಕ್ಕಿನ ಸರಪಳಿ ಹಿಡಿದು 7 ಮೈಲಿಗೂ ಹೆಚ್ಚು. 1802ರಲ್ಲಿ ಅದೇ ಕೆಲಸವನ್ನು ಮದರಾಸಿನಲ್ಲಿ ಹಿಡಿದ. ವಿಕ್ಟೋರಿಯಾ ಕಾಲದ ಭಾರತದ ನಕ್ಷೆಗಳಿಗೆ ಆಧಾರವಾದ ದೊಡ್ಡ ಸರ್ವೆ ಬೆಳೆದದ್ದು ಅಲ್ಲಿಂದ. ಸರಪಳಿ ಎಳೆದವರು, ಬಾವುಟ ಹಿಡಿದು ಬೆಟ್ಟ ಹತ್ತಿದವರು ಈ ನೆಲದ ಜನ. ಅವರಿಗಾಗಿ ಯಾವ ಮೂಲೆಯಲ್ಲೂ ಯಾರೂ ಚಿತ್ರ ಕೆತ್ತಲಿಲ್ಲ.

ಹಾಗಾಗಿ ನಕ್ಷೆ ನೇತುಹಾಕುವವರಲ್ಲಿ ನನ್ನದೊಂದು ಬೇಡಿಕೆ. ಫ್ರೇಮ್‌ನ ಕೆಳಗೆ ಕನ್ನಡದಲ್ಲಿ ನಾಲ್ಕು ಸಾಲು ಹಾಕಿಸಿ. ಯಾವ ವರ್ಷದ್ದು, ಯಾರು ಬಿಡಿಸಿದರು, ಯಾತಕ್ಕೆ ಅಚ್ಚಾಯಿತು, ಅಂಚಿನಲ್ಲಿರುವವರು ಯಾರು. ಫ್ರೇಮ್ ಮಾಡಿಸುವಾಗ ಅಂಚನ್ನು ಮೌಂಟ್ ಬೋರ್ಡಿನ ಕೆಳಗೆ ಮುಚ್ಚಿಸಬೇಡಿ. ಯಾರ ಮನೆಯಲ್ಲಾದರೂ ಇಂಥ ಇಡೀ ಅಟ್ಲಾಸ್ ಇದ್ದರೆ, ಹಾಳೆಗೆ ಇಷ್ಟು ಎಂದು ಎಷ್ಟೇ ಬೆಲೆ ಹೇಳಿದರೂ ದಯವಿಟ್ಟು ಬಿಚ್ಚಲು ಕೊಡಬೇಡಿ.